ಗಣಿತ ವಿಭಾಗದಲ್ಲಿ ಸಂಶೋಧನಾ ಉಪನ್ಯಾಸ: ಸಿದ್ಧತೆಯಿಂದ ಪ್ರಶ್ನೋತ್ತರದವರೆಗೆ

ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿನ ಒಂದು ಗಣಿತ ವಿಭಾಗದಲ್ಲಿ ನಾನು ಕೊಟ್ಟ ಮೊದಲ ಉಪನ್ಯಾಸದಲ್ಲಿ ಮುಕ್ಕಾಲು ಗಂಟೆ ವ್ಯಾಖ್ಯೆಗಳಿಗೇ ಹೋಯಿತು. ಮುಖ್ಯ ಪ್ರಮೇಯವನ್ನು ಬರೆದು ಮುಗಿಸುವ ಹೊತ್ತಿಗೆ ಉಳಿದದ್ದು ನಾಲ್ಕು ನಿಮಿಷ. ಮೊದಲ ಸಾಲಿನಲ್ಲಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಸೌಜನ್ಯದಿಂದಲೇ, ‘ಇದಕ್ಕೆ ಒಂದು ಉದಾಹರಣೆ ಹೇಳ್ತೀರಾ?’ ಎಂದು ಕೇಳಿದರು. ಮೂರು ವರ್ಷ ಆ ವಿಷಯದಲ್ಲೇ ಮುಳುಗಿದ್ದರೂ ಬೋರ್ಡಿನ ಮೇಲೆ ಬರೆದು ತೋರಿಸಬಹುದಾದ ಒಂದು ಉದಾಹರಣೆಯೂ ನನ್ನ ಕೈಗೆ ಸಿಗಲಿಲ್ಲ. ಉಪನ್ಯಾಸದ ಸಿದ್ಧತೆ ಪ್ರಮೇಯದಿಂದಲ್ಲ, ಉದಾಹರಣೆಯಿಂದ ಶುರುವಾಗಬೇಕೆಂಬುದು ಅಂದು ನನಗೆ ತಿಳಿಯಿತು. ಈ ಮಾರ್ಗದರ್ಶಿ ಅದೇ ಮಾತಿನ ವಿಸ್ತರಣೆ. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದವರಿಗೆ, ವಿಭಾಗದಲ್ಲಿ ಮೊದಲ ಸಲ ಮಾತನಾಡಲು ಹೆಸರು ಕೊಟ್ಟವರಿಗೆ ಇದು ಹೆಚ್ಚು ಉಪಯೋಗವಾದೀತು.

ಮೊದಲ ಹೆಜ್ಜೆ: ಎದುರಿಗೆ ಕೂರುವವರು ಯಾರೆಂದು ತಿಳಿದುಕೊಳ್ಳಿ

ಗಣಿತ ವಿಭಾಗದಲ್ಲಿ ‘ಟಾಕ್’ ಎಂಬ ಒಂದೇ ಹೆಸರಿನಲ್ಲಿ ನಡೆಯುವ ಸಭೆಗಳು ಒಂದೇ ಬಗೆಯವಲ್ಲ. ಸಂಶೋಧನಾ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ನಡೆಸಿಕೊಳ್ಳುವ ಸೆಮಿನಾರ್ ಇದೆ. ಸಂಖ್ಯಾಸಿದ್ಧಾಂತ, ಜ್ಯಾಮಿತಿ, ಸಂಭವನೀಯತೆ ಮುಂತಾದ ಒಂದೊಂದು ಶಾಖೆಯವರು ವಾರಕ್ಕೊಮ್ಮೆ ಸೇರುವ ವಿಶೇಷ ಸೆಮಿನಾರ್ ಇದೆ. ಇಡೀ ವಿಭಾಗಕ್ಕೆ ಕೊಡುವ ಕೊಲೊಕ್ವಿಯಂ ಇದೆ. ಪ್ರಬಂಧ ಸಲ್ಲಿಸುವ ಮುನ್ನ ವಿದ್ಯಾರ್ಥಿ ಎಲ್ಲರೆದುರು ತನ್ನ ಕೆಲಸವನ್ನು ಮಂಡಿಸುವ ಪ್ರಬಂಧ ಕೊಲೊಕ್ವಿಯಂ ಬೇರೆಯೇ ಇದೆ. ವಿಶೇಷ ಸೆಮಿನಾರಿನಲ್ಲಿ ಸಾಧನೆಯ (ಪ್ರೂಫ್‌ನ) ಸೂಕ್ಷ್ಮಗಳಿಗೆ ಇಳಿಯಬಹುದು, ಏಕೆಂದರೆ ಕೇಳುಗರು ಬಂದಿರುವುದೇ ಅದಕ್ಕಾಗಿ. ಕೊಲೊಕ್ವಿಯಂನಲ್ಲಿ ಅದೇ ಸೂಕ್ಷ್ಮವನ್ನು ತೆಗೆದರೆ, ಆಂಶಿಕ ಅವಕಲನ ಸಮೀಕರಣಗಳ ಮೇಲೆ ಕೆಲಸ ಮಾಡುವವರು ಸಂಖ್ಯಾಸಿದ್ಧಾಂತದ ಮಾತಿನ ಎಳೆಯನ್ನು ಹತ್ತನೆಯ ನಿಮಿಷಕ್ಕೇ ಕಳೆದುಕೊಳ್ಳುತ್ತಾರೆ. ಮತ್ತೆ ಅವರು ಒಳಗೆ ಬರುವುದು ಕಷ್ಟ.

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಮಲ್ಲೇಶ್ವರದ ಪಕ್ಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರು ರಸ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕೇಂದ್ರ, ಯಲಹಂಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಅನ್ವಯಿಕ ಗಣಿತ ಕೇಂದ್ರ, ಹೆಸರಘಟ್ಟದ ಕಡೆ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ (ಐಸಿಟಿಎಸ್), ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ: ಗಣಿತಜ್ಞರು ಊರಿನ ಮೂಲೆಮೂಲೆಯಲ್ಲಿದ್ದಾರೆ, ಒಬ್ಬರ ಉಪನ್ಯಾಸಕ್ಕೆ ಇನ್ನೊಬ್ಬರು ಬರುತ್ತಲೂ ಇರುತ್ತಾರೆ. ಹೆಸರಘಟ್ಟದಿಂದ ಮೈಸೂರು ರಸ್ತೆಗೆ ಸಂಜೆಯ ವಾಹನ ದಟ್ಟಣೆಯಲ್ಲಿ ಬರುವವರು ಒಂದು ಗಂಟೆಯ ಮಾತಿಗಾಗಿ ಅರ್ಧ ದಿನವನ್ನೇ ತೆತ್ತಿರುತ್ತಾರೆ. ಆದ್ದರಿಂದ ಆಹ್ವಾನ ಬಂದ ಕೂಡಲೇ ಸಂಚಾಲಕರನ್ನು ಮೂರು ಸಂಗತಿ ಕೇಳಿ: ಸಾಮಾನ್ಯವಾಗಿ ಎಷ್ಟು ಜನ ಬರುತ್ತಾರೆ, ಅವರಲ್ಲಿ ನಿಮ್ಮ ಶಾಖೆಯವರು ಎಷ್ಟು, ಮೊದಲ ವರ್ಷದ ಪಿಎಚ್.ಡಿ. ವಿದ್ಯಾರ್ಥಿಗಳು ಬರುತ್ತಾರೆಯೇ. ಹೀಗೆ ಕೇಳಲು ಸಂಕೋಚ ಬೇಡ. ಸಂಚಾಲಕರಿಗೆ ಈ ಪ್ರಶ್ನೆ ಸಂತೋಷವನ್ನೇ ಕೊಡುತ್ತದೆ.

1854ರ ಜೂನ್ 10ರಂದು ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಗಣಿತಜ್ಞ ರೀಮಾನ್ ಅಧ್ಯಾಪಕ ಅರ್ಹತೆಗಾಗಿ ಕೊಟ್ಟ ಉಪನ್ಯಾಸವನ್ನು ನಾನು ವಿದ್ಯಾರ್ಥಿಗಳಿಗೆ ಆಗಾಗ ನೆನಪಿಸುತ್ತೇನೆ. ಆತ ಕೊಟ್ಟ ಮೂರು ವಿಷಯಗಳಲ್ಲಿ ಮೂರನೆಯದಾದ ಜ್ಯಾಮಿತಿಯ ತಳಹದಿಯನ್ನು ಗೌಸ್ ಆರಿಸಿದ್ದರು. ಕೇಳಲು ಕುಳಿತ ಅಧ್ಯಾಪಕ ಮಂಡಳಿಯಲ್ಲಿ ಗಣಿತದವರಲ್ಲದವರೂ ಇದ್ದುದರಿಂದ ರೀಮಾನ್ ಸೂತ್ರಗಳನ್ನು ಬಹುಮಟ್ಟಿಗೆ ಬಿಟ್ಟೇ ಮಾತನಾಡಿದರು. ಮುಂದೆ ಜ್ಯಾಮಿತಿಯ ದಿಕ್ಕನ್ನೇ ಬದಲಿಸಿದ ಆಲೋಚನೆ ಅಷ್ಟು ಕಡಿಮೆ ಸೂತ್ರಗಳಲ್ಲಿ ಹೇಳಲು ಸಾಧ್ಯವಾಯಿತೆಂದರೆ, ನಮ್ಮ ಮಾತಿನಲ್ಲೂ ಎಷ್ಟೋ ಸೂತ್ರಗಳನ್ನು ಬಿಡಬಹುದು.

ಎರಡನೆಯ ಹೆಜ್ಜೆ: ಉದಾಹರಣೆಯನ್ನು ಹುಡುಕಿ, ಅದನ್ನೇ ಬೆನ್ನೆಲುಬು ಮಾಡಿಕೊಳ್ಳಿ

ಸಿದ್ಧತೆಗೆ ಎರಡು ವಾರವಿದ್ದರೆ ಒಂದು ವಾರವನ್ನು ಇದಕ್ಕೇ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ಒಳ್ಳೆಯ ಉದಾಹರಣೆಗೆ ಮೂರು ಗುಣ ಇರಬೇಕು. ಕೇಳುಗರು ಅದನ್ನು ಕುಳಿತಲ್ಲೇ ಪರೀಕ್ಷಿಸಲು ಸಾಧ್ಯವಾಗಬೇಕು, ಅದರಲ್ಲಿ ‘ಹೀಗೇಕೆ?’ ಎಂಬ ಅಚ್ಚರಿ ಹುಟ್ಟಬೇಕು. ಆ ಅಚ್ಚರಿಗೆ ಉತ್ತರವೇ ನಿಮ್ಮ ಪ್ರಮೇಯದ ಕಡೆಗೆ ದಾರಿಯಾಗಬೇಕು. ಮಾತಿನಲ್ಲಿ ಹೇಳಿದರೆ ಇದು ಸಾಲದು, ಆದ್ದರಿಂದ ಒಂದನ್ನು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ.

ನಿಮ್ಮ ಸಂಶೋಧನೆ ವರ್ಗಮೂಲಗಳಿಂದ ಹುಟ್ಟುವ ಸಂಖ್ಯಾವ್ಯವಸ್ಥೆಗಳ ಬಗ್ಗೆ ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಇಂಥ ಉಪನ್ಯಾಸ ‘ಕ್ಷೇತ್ರವೊಂದನ್ನು ತೆಗೆದುಕೊಳ್ಳೋಣ, ಅದರ ಪೂರ್ಣಾಂಕಗಳ ವಲಯ ಇಂಥದ್ದು, ಅದರ ಯುನಿಟ್‌ಗಳ ಗುಂಪು ಇಂಥದ್ದು’ ಎಂದು ಆರಂಭವಾಗುತ್ತದೆ. ಹಾಗೆ ಮಾಡದೆ ಬೋರ್ಡಿನ ಎಡತುದಿಯಲ್ಲಿ ಒಂದೇ ಸಮೀಕರಣ ಬರೆಯಿರಿ: ಕ² − 61ಖ² = 1. ಕ ಮತ್ತು ಖ ಧನ ಪೂರ್ಣಾಂಕಗಳು. ಅವುಗಳಲ್ಲಿ ಅತಿ ಚಿಕ್ಕ ಜೋಡಿಯನ್ನು ಹುಡುಕಬೇಕು. ಮೊದಲು ಅಕ್ಕಪಕ್ಕದವರನ್ನು ನೋಡಿ. 61ರ ಜಾಗದಲ್ಲಿ 60 ಇದ್ದರೆ 31 ಮತ್ತು 4 ಸಾಕು, ಏಕೆಂದರೆ 961ರಲ್ಲಿ 960 ಕಳೆದರೆ 1. 62 ಇದ್ದರೆ 63 ಮತ್ತು 8 ಸಾಕು, ಏಕೆಂದರೆ 3969ರಲ್ಲಿ 3968 ಕಳೆದರೆ 1. ಈಗ 61ಕ್ಕೆ ಅತಿ ಚಿಕ್ಕ ಉತ್ತರವನ್ನು ಬರೆಯಿರಿ: ಕ = 1766319049, ಖ = 226153980. ಇಲ್ಲಿ ಒಂದು ಕ್ಷಣ ಸುಮ್ಮನೆ ನಿಲ್ಲಿ. ಎರಡು ಸಾಧು ಸಂಖ್ಯೆಗಳ ನಡುವೆ ಇಷ್ಟು ದೊಡ್ಡ ಉತ್ತರ ಎಲ್ಲಿಂದ ಬಂತು ಎಂಬ ಪ್ರಶ್ನೆ ಕೊಠಡಿಯಲ್ಲಿ ತಾನಾಗಿ ಏಳುತ್ತದೆ, ನೀವು ಕೇಳಬೇಕಾಗಿಲ್ಲ.

ಇನ್ನು ಉತ್ತರದ ಬೀಜ. 39ರ ವರ್ಗ 1521. 5ರ ವರ್ಗದ 61 ಪಟ್ಟು 1525. ವ್ಯತ್ಯಾಸ −4. ಇದನ್ನು ಕಾಗದವಿಲ್ಲದೆಯೂ ನೋಡಬಹುದು. ಈಗ 39 + 5√61 ಎಂಬುದರ ಅರ್ಧವನ್ನು ತೆಗೆದುಕೊಂಡು ಅದರ ಘನವನ್ನು ಮಾಡಿದರೆ ಭಿನ್ನರಾಶಿಗಳೆಲ್ಲ ಹೋಗಿ 29718 + 3805√61 ಬರುತ್ತದೆ. 29718ರ ವರ್ಗ 883159524. 3805ರ ವರ್ಗದ 61 ಪಟ್ಟು 883159525. ವ್ಯತ್ಯಾಸ −1. ಈಗ 29718 + 3805√61 ಎಂಬುದನ್ನು ವರ್ಗ ಮಾಡಿದರೆ 883159524 ಮತ್ತು 883159525ರ ಮೊತ್ತವೇ ಮೊದಲ ಭಾಗವಾಗುತ್ತದೆ, ಅದು 1766319049. 29718 ಮತ್ತು 3805ರ ಗುಣಲಬ್ಧದ ಎರಡು ಪಟ್ಟು ಎರಡನೆಯ ಭಾಗ, ಅದು 226153980. ಹತ್ತಂಕಿಯ ಆ ಸಂಖ್ಯೆ 39 + 5√61 ಎಂಬುದರ ಅರ್ಧದ ಆರನೆಯ ಘಾತದಿಂದ ಬಂದದ್ದು.

ಈ ಲೆಕ್ಕವನ್ನು ಒಂದು ವಿದ್ಯಾರ್ಥಿ ಸೆಮಿನಾರಿನಲ್ಲಿ ನಾನು ಬಿಡಿಸಿದಾಗ ಕೊನೆಯ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು, ಸಂಖ್ಯಾಸಿದ್ಧಾಂತವನ್ನು ಓದದೇ ಇದ್ದವಳು, ‘ಸರ್, ಹಾಗಾದ್ರೆ ಬೇರೆ ಸಂಖ್ಯೆಗಳಿಗೂ ಹೀಗೆ ಒಂದು ಚಿಕ್ಕ ಬೀಜ ಇದ್ದೇ ಇರುತ್ತಾ?’ ಎಂದು ಕೇಳಿದಳು. ಫಂಡಮೆಂಟಲ್ ಯುನಿಟ್ (ಚಿಹ್ನೆಯನ್ನು ಬಿಟ್ಟರೆ ಉಳಿದ ಯುನಿಟ್‌ಗಳೆಲ್ಲ ಯಾವುದರ ಘಾತಗಳೋ ಆ ಮೂಲ ಬೀಜ) ಎಂಬ ಪರಿಕಲ್ಪನೆಯ ಬಾಗಿಲಿಗೆ ಅವಳು ತಾನೇ ಬಂದು ನಿಂತಿದ್ದಳು. ವ್ಯಾಖ್ಯೆಯನ್ನು ಆಗ ಕೊಟ್ಟರೆ ಅದು ಹೊರೆಯಾಗುವುದಿಲ್ಲ, ಉತ್ತರವಾಗುತ್ತದೆ.

ಇತಿಹಾಸವನ್ನು ಎಷ್ಟು ಸೇರಿಸಬೇಕೆಂಬುದರಲ್ಲಿ ಮಿತಿ ಇರಲಿ, ಆದರೆ ಈ ಉದಾಹರಣೆಗೆ ಅದು ಸಹಜವಾಗಿಯೇ ಒದಗುತ್ತದೆ. ಒಂದು ಉತ್ತರದಿಂದ ಇನ್ನೊಂದನ್ನು ಕಟ್ಟುವ ಭಾವನಾ ಎಂಬ ನಿಯಮವನ್ನು 628ರಲ್ಲಿ ಬ್ರಹ್ಮಗುಪ್ತರು ಕೊಟ್ಟಿದ್ದರು. −4 ಬಂದಾಗ 1ಕ್ಕೆ ದಾಟುವ ಉಪಾಯವೂ ಅವರದೇ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರು, ಚಕ್ರದಂತೆ ಅದೇ ಹೆಜ್ಜೆಗಳನ್ನು ಮರುಕಳಿಸುವ ಚಕ್ರವಾಲ ವಿಧಾನದಿಂದ 61ನ್ನೇ ಬಿಡಿಸಿದರು. 1657ರಲ್ಲಿ ಫರ್ಮಾ ಅದೇ 61ನ್ನು ಸವಾಲಾಗಿ ಮುಂದಿಟ್ಟದ್ದು ಇದಾವುದನ್ನೂ ಅರಿಯದೆ. ಇಷ್ಟನ್ನು ಒಂದೂವರೆ ನಿಮಿಷದಲ್ಲಿ ಹೇಳಬಹುದು. ಅಲ್ಲಿಂದ ಇಂದಿನ ಸಂಶೋಧನೆಗೆ ದಾರಿ ದೂರವಿಲ್ಲ: ಈ ಯುನಿಟ್ ಕೆಲವೊಮ್ಮೆ ಚಿಕ್ಕದು, ಕೆಲವೊಮ್ಮೆ ಅಗಾಧ; ಅದರ ಗಾತ್ರಕ್ಕೂ ಆ ವ್ಯವಸ್ಥೆಯ ಕ್ಲಾಸ್ ನಂಬರಿಗೂ (ಅವಿಭಾಜ್ಯಗಳಾಗಿ ಒಡೆಯುವುದು ಒಂದೇ ರೀತಿಯಲ್ಲಿ ಆಗುವುದರಿಂದ ಆ ವ್ಯವಸ್ಥೆ ಎಷ್ಟು ದೂರವೆಂದು ಅಳೆಯುವ ಸಂಖ್ಯೆ; 1 ಆದರೆ ಒಂದೇ ರೀತಿ) ಆಳವಾದ ನಂಟಿದೆ; ಕ್ಲಾಸ್ ನಂಬರ್ 1 ಆಗಿರುವ ಇಂಥ ವಾಸ್ತವ ವರ್ಗಕ್ಷೇತ್ರಗಳು ಅನಂತವಾಗಿವೆಯೇ ಎಂಬ ಗೌಸ್‌ರ ಕಾಲದ ಪ್ರಶ್ನೆ ಇಂದಿಗೂ ತೆರೆದೇ ಇದೆ.

ನಿಮ್ಮ ವಿಷಯ ಟೋಪಾಲಜಿ ಆಗಿರಬಹುದು, ಅನಾಲಿಸಿಸ್ ಆಗಿರಬಹುದು. ಅಲ್ಲಿಯೂ ಒಂದು ‘61’ ಇದ್ದೇ ಇರುತ್ತದೆ. ಪ್ರಮೇಯದ ಷರತ್ತುಗಳಲ್ಲಿ ಒಂದನ್ನು ತೆಗೆದುಹಾಕಿ ಅದು ಎಲ್ಲಿ ಮುರಿದು ಬೀಳುತ್ತದೆಂದು ನೋಡುವುದು ಅದನ್ನು ಹುಡುಕುವ ಒಳ್ಳೆಯ ದಾರಿ. ಸಿಗದೆ ಹೋದರೆ ನಿಮ್ಮ ಮಾರ್ಗದರ್ಶಕರನ್ನು ಕೇಳಿ, ‘ಸರ್, ಈ ಸಮಸ್ಯೆಯನ್ನು ನೀವು ಮೊದಲು ಯೋಚಿಸಿದಾಗ ಯಾವ ಉದಾಹರಣೆ ಕಣ್ಣ ಮುಂದಿತ್ತು?’ ಎಂದು. ಲೇಖನದಲ್ಲಿ ಅಚ್ಚಾಗದ ಉದಾಹರಣೆಗಳು ಹಿರಿಯರ ತಲೆಯಲ್ಲಿ ಬೇಕಾದಷ್ಟಿರುತ್ತವೆ.

ಮೂರನೆಯ ಹೆಜ್ಜೆ: ಬಿಡಬೇಕಾದುದನ್ನು ಬಿಡಿ

ಲೇಖನದಲ್ಲಿ ಐದು ಪ್ರಮೇಯಗಳಿದ್ದರೆ ಒಂದನ್ನು ಮಾತ್ರ ಹೇಳಿ. ಅದನ್ನೂ ಅತ್ಯಂತ ವ್ಯಾಪಕ ರೂಪದಲ್ಲಿ ಹೇಳಬೇಕಾಗಿಲ್ಲ. ಕೇಳುಗರಿಗೆ ಅರ್ಥವಾಗುವ ವಿಶೇಷ ಸಂದರ್ಭವೊಂದರಲ್ಲಿ ಸ್ಪಷ್ಟವಾಗಿ ಹೇಳಿ, ‘ಇದು ಇನ್ನೂ ವಿಶಾಲವಾಗಿ ನಿಜ’ ಎಂದು ಒಂದು ವಾಕ್ಯ ಸೇರಿಸಿದರೆ ಸತ್ಯಕ್ಕೆ ಊನವಾಗುವುದಿಲ್ಲ. 1900ರ ಆಗಸ್ಟ್ 8ರಂದು ಪ್ಯಾರಿಸ್ಸಿನಲ್ಲಿ ಹಿಲ್ಬರ್ಟ್ ಮಾತನಾಡಿದಾಗ ಅವರ ಬರಹದಲ್ಲಿ 23 ಸಮಸ್ಯೆಗಳಿದ್ದವು, ಸಭೆಯಲ್ಲಿ ಮಂಡಿಸಿದ್ದು ಹತ್ತನ್ನು ಮಾತ್ರ. ಉಳಿದವು ಮುದ್ರಣದಲ್ಲಿ ಓದುಗರನ್ನು ತಲುಪಿದವು. ಲೇಖನ ಇರುವುದೇ ಪೂರ್ಣ ವಿವರಕ್ಕಾಗಿ.

ಶೀರ್ಷಿಕೆ ಮತ್ತು ಸಾರಾಂಶವನ್ನು ಉದಾಹರಣೆ ನಿಶ್ಚಯವಾದ ಮೇಲೆಯೇ ಬರೆಯಿರಿ. ಸಾರಾಂಶದ ಮೊದಲ ಎರಡು ವಾಕ್ಯಗಳು ಬೇರೆ ಶಾಖೆಯವರಿಗೂ ತಿಳಿಯುವಂತಿರಲಿ. ಮೂರನೆಯದರಲ್ಲಿ ನೀವು ಏನನ್ನು ಸಾಧಿಸಿದ್ದೀರಿ ಎಂಬುದಿರಲಿ. ಯಾರೊಂದಿಗಾದರೂ ಜಂಟಿಯಾಗಿ ಮಾಡಿದ ಕೆಲಸವಾದರೆ ಅವರ ಹೆಸರು ತಪ್ಪದೆ ಇರಲಿ. ಉಪನ್ಯಾಸಕ್ಕೆ ಕನಿಷ್ಠ ಒಂದು ವಾರ ಮೊದಲು ಅದು ಸಂಚಾಲಕರ ಕೈಸೇರಿದರೆ ದೂರದ ಸಂಸ್ಥೆಗಳವರಿಗೂ ಬರುವ ಬಗ್ಗೆ ನಿರ್ಧರಿಸಲು ಅನುಕೂಲ.

ನಾಲ್ಕನೆಯ ಹೆಜ್ಜೆ: ಐವತ್ತು ನಿಮಿಷವನ್ನು ಹಂಚಿಕೊಳ್ಳುವುದು

ಒಂದು ಗಂಟೆಯ ಉಪನ್ಯಾಸವೆಂದರೆ ಐವತ್ತು ನಿಮಿಷದ ಮಾತು, ಹತ್ತು ನಿಮಿಷದ ಪ್ರಶ್ನೋತ್ತರ. ಮೊದಲ ಹದಿನೈದು ನಿಮಿಷ ಕೊಠಡಿಯಲ್ಲಿರುವ ಪ್ರತಿಯೊಬ್ಬರಿಗೂ ಸೇರಿದ್ದು. ಅಲ್ಲಿ ಉದಾಹರಣೆ ಮತ್ತು ಪ್ರಶ್ನೆ ಬರಲಿ. ಇಪ್ಪತ್ತನೆಯ ನಿಮಿಷದೊಳಗೆ ಪ್ರಮೇಯದ ಹೇಳಿಕೆ ಬೋರ್ಡಿನ ಮೇಲಿರಬೇಕು ಎಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಮುಂದಿನ ಇಪ್ಪತ್ತು ನಿಮಿಷ ಸಾಧನೆಯ ಮುಖ್ಯ ಉಪಾಯಕ್ಕೆ, ಸಾಧ್ಯವಾದರೆ ಆರಂಭದ ಉದಾಹರಣೆಯ ಮೇಲೆಯೇ ಅದನ್ನು ನಡೆಸಿ ತೋರಿಸುವುದಕ್ಕೆ. ಇಡೀ ಸಾಧನೆಯನ್ನು ಹೇಳಲು ಹೋದವರು ಅದನ್ನು ಮುಗಿಸಿದ್ದನ್ನು ನಾನು ಕಂಡದ್ದು ಕಡಿಮೆ. ಎಲ್ಲ ತೊಡಕೂ ಕೂಡುವ ಒಂದು ಲೆಮ್ಮಾವನ್ನು (ಸಹಾಯಕ ಪ್ರಮೇಯವನ್ನು) ಆರಿಸಿ, ಅಲ್ಲಿ ಏನಾಗುತ್ತದೆಂದು ನಿಧಾನವಾಗಿ ತೋರಿಸುವುದು ಮೇಲು. ಉಳಿದ ಹತ್ತು ನಿಮಿಷ ತೆರೆದ ಪ್ರಶ್ನೆಗಳಿಗೆ ಮತ್ತು ನಡುವೆ ಎದ್ದ ಪ್ರಶ್ನೆಗಳು ನುಂಗಿದ ಸಮಯಕ್ಕೆ.

ಐದನೆಯ ಹೆಜ್ಜೆ: ಬೋರ್ಡೋ ಸ್ಲೈಡೋ

ಗಣಿತಕ್ಕೆ ಕರಿಹಲಗೆಯೇ ಒಳ್ಳೆಯದೆಂಬುದು ನನ್ನ ನಿಲುವು. ಚಾಕ್‌ಪೀಸ್ ಹಿಡಿದು ಬರೆಯುವ ವೇಗ ಮತ್ತು ಕೇಳುಗರು ಯೋಚಿಸುವ ವೇಗ ಹೆಚ್ಚುಕಡಿಮೆ ಒಂದೇ. ಸ್ಲೈಡ್‌ನಲ್ಲಿ ಆ ಲಗಾಮು ಇರುವುದಿಲ್ಲ. ನನ್ನ ಕೈಬರಹದಲ್ಲಿ ಒಂದು ಬೋರ್ಡು ತುಂಬಲು ಎಂಟರಿಂದ ಹತ್ತು ನಿಮಿಷ ಬೇಕು, ಎಂದರೆ ಇಡೀ ಉಪನ್ಯಾಸಕ್ಕೆ ಐದಾರು ಬೋರ್ಡು. ನಿಮ್ಮ ವೇಗವನ್ನು ಖಾಲಿ ತರಗತಿಯೊಂದರಲ್ಲಿ ಗಡಿಯಾರ ಇಟ್ಟುಕೊಂಡು ಅಳೆದುಕೊಳ್ಳಿ. ಆಮೇಲೆ ಎ4 ಹಾಳೆಗಳ ಮೇಲೆ ಒಂದೊಂದು ಹಾಳೆಗೆ ಒಂದೊಂದು ಬೋರ್ಡಿನಂತೆ, ಬರೆಯಲಿರುವುದನ್ನು ಅದೇ ಸಾಲುಗಳಲ್ಲಿ ಬರೆದಿಟ್ಟುಕೊಳ್ಳಿ. ಯಾವ ಬೋರ್ಡನ್ನು ಯಾವಾಗ ಅಳಿಸುತ್ತೀರಿ ಎಂಬುದೂ ಆ ಹಾಳೆಯಲ್ಲಿರಲಿ.

ಬೋರ್ಡಿನ ಬಳಕೆಯಲ್ಲಿ ಕೆಲವು ಸಣ್ಣ ಸಂಗತಿಗಳು ದೊಡ್ಡ ಫಲ ಕೊಡುತ್ತವೆ. ಎಡತುದಿಯ ಮೇಲ್ಭಾಗದಲ್ಲಿ ಮೂಲ ಸಮೀಕರಣ ಮತ್ತು ಸಂಕೇತಗಳು ಕೊನೆಯವರೆಗೆ ಉಳಿಯಲಿ, ಏಕೆಂದರೆ ನಲವತ್ತನೆಯ ನಿಮಿಷದಲ್ಲಿ ‘ಖ ಎಂದರೆ ಏನಿತ್ತು?’ ಎಂದು ಮರೆತವರು ಕೇಳದೆಯೇ ಕಣ್ಣು ಹಾಯಿಸಿ ತಿಳಿಯಬಹುದು. ಪ್ರಮೇಯವನ್ನು ಪೂರ್ಣ ವಾಕ್ಯದಲ್ಲಿ ಬರೆದು ಅದರ ಸುತ್ತ ಚೌಕ ಹಾಕಿ. ಮೇಲೆ ಕೆಳಗೆ ಸರಿಯುವ ಬೋರ್ಡಾದರೆ ತುಂಬಿದ್ದನ್ನು ಮೇಲಕ್ಕೆ ತಳ್ಳಿ, ಕೆಳಗಿನದರಲ್ಲಿ ಬರೆಯಿರಿ. ಬೋರ್ಡಿನ ತಳದ ಅರ್ಧ ಅಡಿಯಲ್ಲಿ ಬರೆದದ್ದು ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಬರೆಯುತ್ತಾ ಬೋರ್ಡಿನ ಜೊತೆ ಮಾತನಾಡಬೇಡಿ. ಒಂದು ಸಾಲು ಬರೆದು, ಪಕ್ಕಕ್ಕೆ ಸರಿದು, ತಿರುಗಿ, ಅದನ್ನು ಓದಿ ಹೇಳಿ.

ಚಿತ್ರಗಳು, ಗಣಕದ ಲೆಕ್ಕಗಳು, ದೊಡ್ಡ ಕೋಷ್ಟಕಗಳು ಇದ್ದರೆ ಸ್ಲೈಡ್ ಬೇಕೇಬೇಕು. ಗಣಿತ ಬರಹದ ತಂತ್ರಾಂಶವಾದ ಲೇಟೆಕ್‌ನಲ್ಲಿ ಸ್ಲೈಡ್‌ಗಳಿಗೆಂದೇ ಇರುವ ಬೀಮರ್‌ನಲ್ಲಿ ಮಾಡುವವರು ಒಂದು ಸ್ಲೈಡ್‌ಗೆ ಎರಡು ನಿಮಿಷದಂತೆ ಲೆಕ್ಕ ಹಾಕಿ, ಇಪ್ಪತ್ತೈದಕ್ಕೆ ನಿಲ್ಲಿಸಲಿ. ಲೇಖನದಿಂದ ಪ್ಯಾರಾಗಳನ್ನು ಹಾಗೆಯೇ ತಂದು ಅಂಟಿಸುವುದು ಬೇಡ. ಸ್ಲೈಡ್ ಬಳಸಿದರೂ ಮುಖ್ಯ ಪ್ರಮೇಯವನ್ನು ಪಕ್ಕದ ಬೋರ್ಡಿನ ಮೇಲೆ ಕೈಯಲ್ಲೇ ಬರೆದಿಡಿ. ಸ್ಲೈಡ್ ಸರಿದ ಮೇಲೂ ಅದು ಕಣ್ಣ ಮುಂದಿರುತ್ತದೆ.

ಆರನೆಯ ಹೆಜ್ಜೆ: ತಾಲೀಮು, ಅದೂ ಕನ್ನಡದಲ್ಲಿ

ವಿಭಾಗದ ಉಪನ್ಯಾಸಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ವಿದ್ಯಾರ್ಥಿಗಳು ಈ ಕಾರಣಕ್ಕೇ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ನಡುವೆ ಒಂದು ಪ್ರಶ್ನೆ ಬಂದರೆ ಪಾಠ ತಪ್ಪಿ ನಿಲ್ಲುತ್ತಾರೆ. ಅವರಿಗೆ ನನ್ನ ಸಲಹೆ ಒಂದೇ: ಮೊದಲ ತಾಲೀಮನ್ನು ಕನ್ನಡದಲ್ಲಿ ಮಾಡಿ. ಹಾಸ್ಟೆಲ್ಲಿನಲ್ಲಿ ಬೇರೆ ಶಾಖೆಯ ಗೆಳೆಯನೊಬ್ಬನನ್ನು ಕೂರಿಸಿಕೊಂಡು, ‘ನೋಡು, ಅರವತ್ತಕ್ಕೆ ಸುಲಭ, ಅರವತ್ತೆರಡಕ್ಕೆ ಸುಲಭ, ಅರವತ್ತೊಂದಕ್ಕೆ ಮಾತ್ರ ಯಾಕೆ ಹೀಗೆ ಅಂತ ಕೇಳು’ ಎಂದು ಶುರು ಮಾಡಿ. ನಿಮ್ಮ ಮಾತಿನ ಭಾಷೆಯಲ್ಲಿ ಹೇಳಲಾಗದ ಕಡೆ ನಿಮಗೇ ಅರ್ಥವಾಗಿರದ ಒಂದು ಸಂದು ಇದೆಯೆಂದು ತಿಳಿಯಿರಿ. ಅದು ತುಂಬಿದ ಮೇಲೆ ಇಂಗ್ಲಿಷ್ ವಾಕ್ಯಗಳು ಚಿಕ್ಕದಾಗಿ, ನೇರವಾಗಿ ಬರುತ್ತವೆ, ಮತ್ತು ಪ್ರಶ್ನೆಗೆ ಅವು ಚದುರುವುದಿಲ್ಲ. ಎರಡನೆಯ ತಾಲೀಮು ಇಂಗ್ಲಿಷಿನಲ್ಲಿ, ನಿಜವಾದ ಬೋರ್ಡಿನ ಮುಂದೆ, ಗಡಿಯಾರದೊಂದಿಗೆ ಇರಲಿ. ಮೊದಲ ಐದು ನಿಮಿಷದ ಮಾತನ್ನು ಮಾತ್ರ ಚೆನ್ನಾಗಿ ಮನನ ಮಾಡಿಕೊಳ್ಳಿ; ಅಂಜಿಕೆ ಇರುವುದು ಆ ಐದು ನಿಮಿಷದಲ್ಲೇ.

ಏಳನೆಯ ಹೆಜ್ಜೆ: ಆ ದಿನ

ಅರ್ಧ ಗಂಟೆ ಮೊದಲೇ ಕೊಠಡಿಗೆ ಹೋಗಿ. ಚಾಕ್‌ಪೀಸ್, ಒದ್ದೆ ಬಟ್ಟೆ ಅಥವಾ ಡಸ್ಟರ್, ಪ್ರೊಜೆಕ್ಟರಿನ ಕೇಬಲ್ ನೋಡಿಕೊಳ್ಳಿ; ಸ್ಲೈಡ್‌ಗಳ ಪಿಡಿಎಫ್ ಪೆನ್‌ಡ್ರೈವಿನಲ್ಲೂ ಇರಲಿ. ಒಂದು ಸಾಲು ಬರೆದು ಕೊನೆಯ ಬೆಂಚಿಗೆ ಹೋಗಿ ಓದಿ ನೋಡಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಬಂದು ಕರೆಂಟು ಹೋಗುವುದು ಬೆಂಗಳೂರಿಗೆ ಹೊಸದಲ್ಲ. ಸ್ಲೈಡ್ ನಂಬಿದವರು ಬೋರ್ಡಿನ ಮೇಲೂ ಹೇಳಬಲ್ಲ ಒಂದು ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮೊದಲೇ ಕಾಫಿ ಇದ್ದರೆ ಅಲ್ಲಿ ಬಂದವರನ್ನು ಮಾತನಾಡಿಸಿ. ಯಾರು ಯಾವ ಶಾಖೆಯವರೆಂದು ಅಲ್ಲೇ ತಿಳಿಯುತ್ತದೆ, ಒಂದು ವ್ಯಾಖ್ಯೆಯನ್ನು ಬಿಡಿಸಿ ಹೇಳಬೇಕೇ ಬೇಡವೇ ಎಂಬುದು ಆಗ ನಿರ್ಧಾರವಾಗುತ್ತದೆ.

ಎಂಟನೆಯ ಹೆಜ್ಜೆ: ಪ್ರಶ್ನೆಗಳು

ಪ್ರಶ್ನೆ ಬಂದಾಗ ಮೊದಲು ಅದನ್ನು ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿ. ಇದರಿಂದ ಹಿಂದಿನವರಿಗೆ ಪ್ರಶ್ನೆ ತಲುಪುತ್ತದೆ, ನಿಮಗೆ ಯೋಚಿಸಲು ಕೆಲವು ಕ್ಷಣ ಸಿಗುತ್ತದೆ, ನೀವು ತಪ್ಪಾಗಿ ಗ್ರಹಿಸಿದ್ದರೆ ಕೇಳಿದವರೇ ತಿದ್ದುತ್ತಾರೆ. ಉತ್ತರ ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದು ಹೇಳುವುದರಲ್ಲಿ ಕುಂದಿಲ್ಲ. ಆದರೆ ಗಣಿತದಲ್ಲಿ ಗೊತ್ತಿಲ್ಲ ಎಂಬುದಕ್ಕೆ ಎರಡು ಅರ್ಥವಿದೆ: ಯಾರಿಗೂ ಗೊತ್ತಿಲ್ಲ, ಅಥವಾ ನನಗೆ ಗೊತ್ತಿಲ್ಲ. ಯಾವುದೆಂದು ಬಿಡಿಸಿ ಹೇಳಿ. ಸಾಧನೆಯಲ್ಲಿ ಯಾರಾದರೂ ತಪ್ಪು ತೋರಿಸಿದರೆ ಅಲ್ಲೇ ವಾದಕ್ಕೆ ನಿಲ್ಲದೆ, ಆ ಸಾಲಿನ ಪಕ್ಕದಲ್ಲಿ ಒಂದು ಗುರುತು ಹಾಕಿ, ‘ಇದನ್ನು ನೋಡಬೇಕು’ ಎಂದು ಮುಂದೆ ಹೋಗಿ. ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿರುವುದಾಗಿ 1993ರ ಜೂನ್‌ನಲ್ಲಿ ಕೇಂಬ್ರಿಜ್‌ನ ಮೂರು ಉಪನ್ಯಾಸಗಳ ಕೊನೆಗೆ ಗಣಿತಜ್ಞ ಆಂಡ್ರೂ ವೈಲ್ಸ್ ಘೋಷಿಸಿದ ಮೇಲೆ ಆ ಸಾಧನೆಯಲ್ಲಿ ಬಿರುಕೊಂದು ಕಂಡಿತು. ಅದು ಮುಚ್ಚಿದ್ದು 1994ರ ಸೆಪ್ಟೆಂಬರಿನಲ್ಲಿ. ಅಂಥ ಕೆಲಸದಲ್ಲೇ ಹಾಗಾಗಿರುವಾಗ, ಒಬ್ಬ ವಿದ್ಯಾರ್ಥಿಯ ಲೆಮ್ಮಾದಲ್ಲಿ ಸಂದು ಕಂಡರೆ ಅದು ಅವಮಾನವಲ್ಲ.

ಹೊಸಬರು ಪ್ರಶ್ನೆ ಕೇಳುವಂತೆ ನೋಡಿಕೊಳ್ಳುವುದು ಸಂಚಾಲಕರ ಕೆಲಸ. ನಾನು ಸಂಚಾಲಕನಾಗಿದ್ದಾಗ ಮೊದಲ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೆ ಮೀಸಲಿಡುತ್ತಿದ್ದೆ; ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹಿಂದಿನ ಬೆಂಚಿನ ಕೈಗಳು ನಿಧಾನವಾಗಿ ಮೇಲೇಳುತ್ತವೆ.

ಸಭೆ ಮುಗಿದ ಮೇಲೆ ಬೋರ್ಡನ್ನು ಕೂಡಲೇ ಅಳಿಸಬೇಡಿ. ನಾಲ್ಕಾರು ಜನ ಅದರ ಮುಂದೆಯೇ ನಿಂತು ಮಾತನಾಡುತ್ತಾರೆ, ಒಬ್ಬರು ಚಾಕ್‌ಪೀಸ್ ಎತ್ತಿಕೊಂಡು ನಿಮ್ಮ ಸಮೀಕರಣದ ಕೆಳಗೆ ತಮ್ಮದೊಂದು ಸಾಲು ಬರೆಯುತ್ತಾರೆ. ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಆ ರಾತ್ರಿಯೇ ಬಂದ ಪ್ರಶ್ನೆಗಳನ್ನು ಕೇಳಿದವರ ಹೆಸರಿನೊಂದಿಗೆ ಎ4 ಹಾಳೆಗಳ ಹಿಂಬದಿಯಲ್ಲಿ ಬರೆದಿಟ್ಟು, ಉತ್ತರ ಕೊಡುತ್ತೇನೆಂದು ಹೇಳಿದವರಿಗೆ ಒಂದು ವಾರದೊಳಗೆ ಬರೆದು ಕಳುಹಿಸಿ.